ಎಲ್ಲರೂ ಹಿಡಿಸುವ ಲೆನ್ಸು

ಆ ಮನೆಯಲ್ಲಿ ಯಾವ ಫೋಟೋ ತೆಗೆದರೂ ಒಬ್ಬರು ಹೊರಗುಳಿಯುತ್ತಿದ್ದರು, ಆ ಒಬ್ಬರು ಯಾವಾಗಲೂ ಪಸೀತಾಳೇ ಆಗಿರುತ್ತಿದ್ದಳು. ಕಾರಣ ಕೇಳಿದರೆ ಯಜಮಾನಿ ಕೊನ್ಸಿಂಗ್ ಗೋಡೆ ತೋರಿಸುತ್ತಿದ್ದಳು. ಜಾಗ ಇಲ್ಲ, ಅಷ್ಟೇ.

ಜಾಗ ಇಲ್ಲದ್ದು ಸುಳ್ಳೇನೂ ಅಲ್ಲ. ಸಮುದ್ರದಂಚಿನ ಮಲಬೋನಿನ ಆ ಓಣಿಯಲ್ಲಿ ಉಬ್ಬರದ ನೀರು ಒಳಗೆ ನುಗ್ಗಿದಾಗಲೆಲ್ಲ ಜನ ನೆಲಕ್ಕೆ ಮಣ್ಣು ತುಂಬಿ, ಸಿಮೆಂಟು ಬಳಿದು ಎತ್ತರಿಸಿಕೊಳ್ಳುತ್ತಾರೆ. ಸೂರು ಮಾತ್ರ ಇದ್ದಲ್ಲೇ ಇರುತ್ತದೆ. ಹೀಗೆ ಎತ್ತರಿಸಿ ಎತ್ತರಿಸಿ ಕೊನ್ಸಿಂಗಳ ನಡುಮನೆ ಪೆಟ್ಟಿಗೆಯಂತಾಗಿತ್ತು. ಚಿಕ್ಕ ಮಗ ಎಲ್ಮರ್ ತಲೆ ಬಗ್ಗಿಸದೆ ಬಾಗಿಲು ದಾಟುವಂತಿರಲಿಲ್ಲ. ಅವನ ಹೆಂಡತಿ ನೆಲ್ಡಾ ನಾಮಕರಣ, ಮದುವೆ, ಸಾವು ಎಂದು ಸುತ್ತಲಿನ ಓಣಿಗಳಲ್ಲಿ ಫೋಟೋ ತೆಗೆದು ಸಂಪಾದಿಸುವವಳು. ಅವಳು ಕ್ಯಾಮೆರಾ ಹಿಡಿದು ಹಿಂದೆ ಸರಿದು, ಬೆನ್ನು ಒಲೆಕಟ್ಟೆಗೆ ತಗುಲಿದರೂ, ಚೌಕಟ್ಟಿನೊಳಗೆ ನಾಲ್ಕು ಮುಖಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ.

ಪಸೀತಾ ನೆಲ್ಡಾಳ ಮಾವ ಉರ್ಬಾನೊನ ಮಗಳು, ಆದರೆ ಕೊನ್ಸಿಂಗಳ ಮಗಳಲ್ಲ. ದೊಡ್ಡ ಮಗ ದಾಂತೆ ಹುಟ್ಟಿದ ಮೇಲೆ, ಎಲ್ಮರ್ ಹುಟ್ಟುವುದಕ್ಕೆ ಮುಂಚೆ, ಮೀನಿನ ಧಕ್ಕೆಯಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದ ಉರ್ಬಾನೊ ಅಲ್ಲಿಯೇ ಮೀನು ಮಾರುವ ಹೆಂಗಸಿನ ಸಂಗ ಮಾಡಿದ್ದ. ಆ ಹೆಂಗಸು ಸತ್ತು ಎಷ್ಟೋ ಕಾಲವಾಯಿತು. ಪಸೀತಾ ಎರಡು ಓಣಿ ಆಚೆ ಒಬ್ಬಳೇ ಇದ್ದುಕೊಂಡು ಅಕ್ಕಿಕಡುಬು ಬೇಯಿಸಿ ಮಾರುತ್ತಿದ್ದಳು. ಈ ಮನೆಯಲ್ಲಿ ಹಬ್ಬವಾಗಲಿ, ಕಾಯಿಲೆಯಾಗಲಿ, ಕೈ ಬೇಕಾದಾಗಲೆಲ್ಲ ಬಂದು ಬೇಯಿಸಿ, ತೊಳೆದು, ಒರೆಸಿ ಹೋಗುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ವಿಷಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಮನೆಯವರು ಮಾತ್ರ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದರು.

ಉರ್ಬಾನೊನ ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನ ಪಸೀತಾ ಬೆಳಿಗ್ಗೆಯೇ ಬಂದು ಸಿಗಡಿ, ಚಿಪ್ಪುಮೀನು, ಮೊಟ್ಟೆ ಹಾಕಿದ ದಪ್ಪ ಶಾವಿಗೆಯನ್ನು ಮೊರದಗಲದ ತಟ್ಟೆಯಲ್ಲಿ ಹರಡಿಟ್ಟಳು. ಫೋಟೋಗೆ ಎಲ್ಲರೂ ನಿಂತಾಗ ಅವಳೂ ಕೈ ಒರೆಸಿಕೊಳ್ಳುತ್ತ ಬಂದಳು. ಕೊನ್ಸಿಂಗ್ ತಿರುಗಿಯೂ ನೋಡದೆ, ಜಾಗ ಇಲ್ಲ, ಸಾರು ಉಕ್ಕೀತು ನೋಡಿಕೋ ಎಂದಳು. ಪಸೀತಾ ಒಳಗೆ ಹೋದಳು. ಉಕ್ಕಲು ಸಾರೇನೂ ಒಲೆಯ ಮೇಲಿರಲಿಲ್ಲ.

ಫೋಟೋ ತೆಗೆದಾದ ಮೇಲೆ ಉರ್ಬಾನೊ ಕ್ಯಾಮೆರಾದ ಹಿಂಬದಿಯ ಪರದೆಯನ್ನು ಕಣ್ಣ ಹತ್ತಿರ ಹಿಡಿದು ಒಂದೊಂದೇ ಮುಖ ನೋಡಿದ. ಆಗಲೇ ಅವನಿಗೆ ನಾಲ್ಕು ಹೆಜ್ಜೆಗೆ ಉಸಿರು ಸಾಲುತ್ತಿರಲಿಲ್ಲ.

"ಪಸೀ ಎಲ್ಲಿ?" ಎಂದ.

ಅವನು ಸೊಸೆಯ ಕಡೆ ತಿರುಗಿದ. "ಎಲ್ಲಾರನ್ನೂ ಒಂದರಲ್ಲೇ ತೆಗಿಯೋಕಾಗಲ್ವೇನಮ್ಮ?"

"ಆಗುತ್ತೆ ಮಾವ," ಎಂದುಬಿಟ್ಟಳು ನೆಲ್ಡಾ. ಹೇಳಿದ ಮೇಲೆ, ತನ್ನ ಕಸುಬಿನ ಬಗ್ಗೆ ಅವಳಿಗೆ ಮೊದಲ ಸಲ ನಾಚಿಕೆಯಾಯಿತು. ಊರವರ ಮನೆಮಂದಿಯನ್ನೆಲ್ಲ ಒಟ್ಟು ಸೇರಿಸುವವಳಿಗೆ ತನ್ನ ಮನೆಯದು ಆಗಿರಲಿಲ್ಲ.

ಕಿಯಾಪೊ ಪೇಟೆಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅವಳು ಒಂದು ಲೆನ್ಸಿನ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದಳು. ಚೀನಾದ ಯಾವುದೋ ಹೆಸರಿಲ್ಲದ ಕಂಪನಿಯದು, ಯಾರೋ ಬಳಸಿ ಮಾರಿದ್ದು. ಮುಷ್ಟಿಯಲ್ಲಿ ಅಡಗುವಷ್ಟು ಪುಟ್ಟದು, ಪೂರಾ ಲೋಹ. ಹತ್ತಿರ ದೂರ ಮಾಡಲು ಬರುವುದಿಲ್ಲ. ಇದ್ದದ್ದು ಒಂದೇ ನೋಟ, ಆದರೆ ಆ ನೋಟ ತುಂಬ ಅಗಲ. ಹುಟ್ಟುಹಬ್ಬ ಕಳೆದ ಮೇಲೆ ಹೋದಾಗ ಅಂಗಡಿಯವನು ಕ್ಯಾಮೆರಾಕ್ಕೆ ಹಾಕಿ ನೋಡಲು ಬಿಟ್ಟ. ನೆಲ್ಡಾ ಅಲ್ಲಿಯೇ ಎರಡು ಕಪಾಟುಗಳ ನಡುವೆ ನಿಂತು ಕಣ್ಣಿಟ್ಟರೆ ಎಡಗಡೆಯ ಕಪಾಟು, ಬಲಗಡೆಯ ಕಪಾಟು, ಸೂರು, ನೆಲ, ಬೀದಿಯಲ್ಲಿ ಬಾಳೆಹಣ್ಣು ಕರಿಯುವವಳು, ಎಲ್ಲ ಒಳಗೆ ಬಂದವು. ಮಂದ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತಿತ್ತು. ಕುಂದುಗಳೂ ಇದ್ದವು. ನೋಟವನ್ನು ಕೈಯಾರೆ ಉಂಗುರ ತಿರುಗಿಸಿ ಸರಿಮಾಡಬೇಕು. ಮೂಲೆಗಳಲ್ಲಿ ಕತ್ತಲು ಕೂರುತ್ತದೆ. ಎದುರಿಗೆ ದೀಪವಿದ್ದರೆ ಹಸಿರು ಚುಕ್ಕೆ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಂಚಿಗೆ ಬಂದದ್ದನ್ನೆಲ್ಲ ಹಿಡಿದು ಎಳೆದು ಅಗಲ ಮಾಡುತ್ತದೆ. ಬೆಲೆ ಮೂರೂವರೆ ಸಾವಿರ ಪೆಸೊ. ಕ್ಯಾಮೆರಾ ಕಂಪನಿಯದೇ ಅಂಥ ಲೆನ್ಸು ಬೇಕೆಂದರೆ ಅದರ ಹತ್ತು ಪಟ್ಟು. ಅವಳು ಅವತ್ತು ಕೊಳ್ಳದೆ ಬಂದಳು, ಆದರೆ ಬಸ್ಸಿನಲ್ಲಿ ಕೂತವಳಿಗೆ ಸಾಲುಸಾಲು ಜನವೆಲ್ಲ ಎಷ್ಟು ಅಗಲಕ್ಕೆ ಹಿಡಿಸುತ್ತಾರೆಂಬುದೇ ಯೋಚನೆಯಾಗಿತ್ತು.

ಒಣಮೀನು, ಬಸಳೆಯಂಥ ಸೊಪ್ಪಿನ ಹುಳಿ, ಅನ್ನದ ಮುಂದೆ ಕೂತಾಗ ಮಾತೆತ್ತಿದಳು. ಕೊನ್ಸಿಂಗ್ ಮೀನಿನ ಮುಳ್ಳು ಬಿಡಿಸುತ್ತಲೇ ಕೇಳಿಸಿಕೊಂಡಳು.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು. "ಇಷ್ಟು ವರ್ಷ ಇದ್ದ ಲೆನ್ಸಲ್ಲೇ ತೆಗ್ದೆಯಲ್ಲ."

"ನೆಲ ಡೊಂಕಿಲ್ಲ ಅತ್ತೆ, ಮನೆ ಸಣ್ಣದು. ಮನೆ ದೊಡ್ಡದು ಮಾಡೋಕಾಗಲ್ಲ, ಲೆನ್ಸು ಅಗಲ ಮಾಡ್ಬಹುದು."

"ಕಾಸಿಗೆ ತಕ್ಕ ಕಜ್ಜಾಯ. ಅಗ್ಗಕ್ಕೆ ಸಿಗೋದು ಕೆಟ್ಟದ್ದೇ ಇರುತ್ತೆ."

"ನಾನೂ ಅಗ್ಗಕ್ಕೇ ಸಿಕ್ಕಿದ್ದು ಈ ಮನೆಗೆ. ಕೆಟ್ಟಿದೀನಾ?" ಎಂದಳು ನೆಲ್ಡಾ. ಹದಿನಾಲ್ಕರ ಮಗಳು ಮಿರಾ ಕಿಸಕ್ಕೆಂದಳು. ಎಲ್ಮರ್‌ನನ್ನು ಕೇಳಿದರೆ, ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಇನ್ನೊಂದು ಮುಷ್ಟಿ ಅನ್ನ ಹಾಕಿಕೊಂಡ.

ದುಬೈಯ ಹೋಟೆಲೊಂದರಲ್ಲಿದ್ದ ದಾಂತೆಗೂ ಸುದ್ದಿ ಹೋಯಿತು. ಕ್ಯಾಮೆರಾ ಕೊಡಿಸಿದವನು ಅವನೇ. ಹಾಗಾಗಿ ಅದರ ಮೂತಿಗೆ ಏನು ಅಂಟಿಸಬೇಕೆಂಬ ಹಕ್ಕೂ ತನ್ನದೇ ಎಂದುಕೊಂಡಿದ್ದ. ಅಂಥ ಕಸವನ್ನೆಲ್ಲ ಕೊಳ್ಳಬೇಡಿ, ಕಂಪನಿಯದ್ದೇ ಕ್ರಿಸ್‌ಮಸ್‌ಗೆ ತರುತ್ತೇನೆ ಎಂದು ಫೋನಿನಲ್ಲಿ ಭಾಷಣ ಮಾಡಿದ. ಯಾವ ವರ್ಷದ ಕ್ರಿಸ್‌ಮಸ್ ದೊಡ್ಡಪ್ಪ, ಎಂದು ಮಿರಾ ಕೇಳಿದ್ದಕ್ಕೆ ಅಜ್ಜಿಯಿಂದ ತಲೆಗೊಂದು ಮೊಟಕು ಬಿತ್ತು. ದಾಂತೆ ಊರಿಗೆ ಬಂದು ಆರು ವರ್ಷವಾಗಿತ್ತು.

ಕೊನ್ಸಿಂಗಳ ತಕರಾರು ದುಡ್ಡಿನದಲ್ಲ, ಲೆನ್ಸಿನದೂ ಅಲ್ಲ ಎಂಬುದು ನೆಲ್ಡಾಗೆ ಪಾತ್ರೆ ತೊಳೆಯುವಾಗ ಹೊಳೆಯಿತು. ಎಲ್ಲರೂ ಹಿಡಿಸಿಬಿಟ್ಟರೆ, ಹಿಡಿಸಲಿಲ್ಲ ಎಂದು ಹೇಳುವುದಾದರೂ ಯಾರಿಗೆ? ಮಾರನೆಯ ದಿನವೇ ಕಿಯಾಪೊಗೆ ಹೋಗಿ ಕೊಂಡು ತಂದಳು. ಅತ್ತೆಯ ಎದುರಿಗೇ ಬಿಚ್ಚಿ, ಒರೆಸಿ, ಹಾಕಿದಳು.

ಲೆನ್ಸು ಮೊದಲು ಅವಳ ಮಾನವನ್ನೇ ಕಳೆಯಿತು. ಒಂದು ನಾಮಕರಣದಲ್ಲಿ ಮಗುವಿಗೆ ಚರ್ಚಿನ ಪದ್ಧತಿಯಂತೆ ಹನ್ನೆರಡು ಜನ ಧರ್ಮದ ತಂದೆತಾಯಿ. ಪ್ರಾರ್ಥನಾಮಂದಿರದ ಮೆಟ್ಟಿಲ ಮೇಲೆ ಉದ್ದಕ್ಕೆ ನಿಲ್ಲಿಸಿದಾಗ, ಎಲ್ಲರಿಗಿಂತ ಹೆಚ್ಚು ಉಡುಗೊರೆ ಕೊಟ್ಟ ಜವಳಿ ಅಂಗಡಿಯ ಒಡತಿ ಎದ್ದು ಕಾಣಲೆಂದು ಸಾಲಿನ ಕೊನೆಗೆ ನಿಂತಳು. ಅಲ್ಲಿ ನಿಲ್ಲಬೇಡಿ ಎಂದು ನೆಲ್ಡಾ ಹೇಳಲಿಲ್ಲ, ಹೇಳುವಷ್ಟು ಲೆನ್ಸು ಅವಳಿಗೂ ಪಳಗಿರಲಿಲ್ಲ. ಫೋಟೋದಲ್ಲಿ ಒಡತಿಯ ಕೆನ್ನೆ ಕುಂಬಳಕಾಯಿ, ತೋಳು ದಿಂಬು. ಆಕೆ ಫೋಟೋ ಹಿಡಿದುಕೊಂಡೇ ಓಣಿಗೆ ಬಂದು ಜಗಳ ತೆಗೆದಳು. ಕೊನ್ಸಿಂಗ್ ಆಕೆಗೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ಮಧ್ಯೆ ಮಧ್ಯೆ ತಲೆಯಾಡಿಸಿ ಜಗಳಕ್ಕೆ ಅನುಕೂಲ ಮಾಡಿಕೊಟ್ಟಳು. ನೆಲ್ಡಾ ಒಡತಿಯ ಒಂಟಿ ಫೋಟೋವೊಂದನ್ನು ಹಳೆಯ ಲೆನ್ಸಿನಲ್ಲಿ ಪುಕ್ಕಟೆ ತೆಗೆದುಕೊಟ್ಟು ಕೈಮುಗಿದಳು.

"ಅಂಚಿಗೆ ನಿಂತೋರ ಗತಿ ನೋಡಿದ್ರಾ?" ಎಂದು ಕೊನ್ಸಿಂಗ್ ಮೀನು ತರಲು ಹೋದಲ್ಲೆಲ್ಲ ಸಾರಿದಳು.

ಆದರೂ ನೆಲ್ಡಾ ಅದನ್ನು ಬಿಚ್ಚಿಡಲಿಲ್ಲ. ಅಂಚಿಗೆ ಗಂಡಸರನ್ನು, ಬಾಗಿಲನ್ನು, ಹೂಕುಂಡವನ್ನು ಹಾಕಬೇಕು, ಮುಖ ಮುಖ್ಯವಾದವರನ್ನು ನಡುವಿಗೆ ತರಬೇಕು, ಅಷ್ಟು ಕಲಿತಳು. ಹಾಸಿಗೆ ಹಿಡಿದ ಅಜ್ಜಿಯನ್ನು ಎಬ್ಬಿಸದೆ ಅವಳ ಸುತ್ತ ಇಡೀ ಸಂಸಾರವನ್ನು ಒಂದೇ ಫೋಟೋದಲ್ಲಿ ಕೂರಿಸಿದ್ದು ಓಣಿಯಲ್ಲಿ ಮಾತಾಯಿತು. ಸಣ್ಣ ಮನೆಯವರೆಲ್ಲ ಅವಳನ್ನು ಕರೆಯತೊಡಗಿದರು. ಆ ಊರಿನಲ್ಲಿ ಸಣ್ಣ ಮನೆಗಳಿಗೇನು ಬರಗಾಲ?

ಮಾವನ ಫೋಟೋ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ನೆಲ್ಡಾ ಸಿದ್ಧವೆಂದಾಗ ಉರ್ಬಾನೊನೇ, ದಾಂತೆ ಬರಲಿ, ಮೂರೂ ಮಕ್ಕಳು ಇರಲಿ ಎಂದ. ಮೂರು ಎಂಬ ಲೆಕ್ಕ ಕೇಳಿ ಕೊನ್ಸಿಂಗ್ ಗಂಜಿಯ ಬಟ್ಟಲನ್ನು ಕುಕ್ಕಿ ಇಟ್ಟು ಎದ್ದುಹೋದಳು. ಮಳೆಗಾಲ ಹಿಡಿಯಿತು. ಒಂದು ಬೆಳಿಗ್ಗೆ ಗಂಜಿ ಕುಡಿಸಲು ಎಬ್ಬಿಸಿದರೆ ಉರ್ಬಾನೊ ಏಳಲಿಲ್ಲ.

ಗಾಜಿನ ಮುಚ್ಚಳದ ಬಿಳಿ ಶವಪೆಟ್ಟಿಗೆಯೂ ಎರಡು ಎತ್ತರದ ದೀಪಗಳೂ ನಡುಮನೆಯ ಮುಕ್ಕಾಲು ಭಾಗ ತುಂಬಿದವು. ದಾಂತೆಗೆ ರಜೆ ಸಿಗಲಿಲ್ಲವಂತೆ. ಅವನ ಬದಲಿಗೆ ಬಾಗಿಲಷ್ಟೆತ್ತರದ ಹೂವಿನ ಅಲಂಕಾರವೊಂದು ಬಂತು, ಒಳಗೆ ಹಿಡಿಸದೆ ಓಣಿಯಲ್ಲೇ ನಿಂತು ನೆನೆಯಿತು. ಹೂಳುವ ಮುಂಚೆ ಹೆಣವನ್ನು ಐದಾರು ದಿನ ಮನೆಯಲ್ಲೇ ಇಡುವುದು ಅಲ್ಲಿನ ವಾಡಿಕೆ. ಅಷ್ಟು ದಿನ ಕಸ ಗುಡಿಸುವಂತಿಲ್ಲ, ತಲೆ ಬಾಚುವಂತಿಲ್ಲ, ಆ ಮನೆಯಲ್ಲಿ ಸ್ನಾನ ಮಾಡುವಂತಿಲ್ಲ. ಸ್ನಾನಕ್ಕೆ ಬೇರೆಯವರ ಮನೆಗೇ ಹೋಗಬೇಕು. ಅಕ್ಕಪಕ್ಕದ ಮನೆಗಳಲ್ಲಿ ನೀರು ಬರುವುದೇ ಅಪರೂಪ. ಕೈಪಂಪಿನ ಸಿಹಿನೀರು ಯಾವಾಗಲೂ ಇರುವುದು ಪಸೀತಾಳ ಮನೆಯಲ್ಲಿ. ಹಾಗಾಗಿ ಟವೆಲು ಹೆಗಲಿಗೆ ಹಾಕಿಕೊಂಡು ಎಲ್ಲರೂ ಅಲ್ಲಿಗೇ ನಡೆದರು. ಕೊನ್ಸಿಂಗಳೂ ನಡೆದಳು. ಜನ್ಮದಲ್ಲಿ ಮೆಟ್ಟದ ಹೊಸ್ತಿಲನ್ನು ದಿನಕ್ಕೊಂದು ಸಲ ಮೆಟ್ಟಿದಳು. ಪಸೀತಾ ನೀರು ಕಾಯಿಸಿಟ್ಟು, ಬೆನ್ನುಜ್ಜಲು ಕೈಗೆಟುಕದಿದ್ದಾಗ ಉಜ್ಜಿ, ಮತ್ತೆ ಇಲ್ಲಿಗೆ ಬಂದು ಬರುವವರಿಗೆ ಕಾಫಿ, ಬಿಸ್ಕತ್ತು, ಗಂಜಿ ಕೊಡುವ ಕೆಲಸ ನೋಡುತ್ತಿದ್ದಳು. ಅಪ್ಪನ ಪೆಟ್ಟಿಗೆಯ ಹತ್ತಿರ ಅವಳು ನಿಂತದ್ದನ್ನು ನೆಲ್ಡಾ ಕಂಡದ್ದು ಒಂದೇ ಸಲ, ಯಾರೂ ಇಲ್ಲದ ಹೊತ್ತಿನಲ್ಲಿ. ಗಾಜಿನ ಮೇಲೆ ಕಣ್ಣೀರು ಬೀಳಬಾರದೆಂದು ದೂರದಿಂದಲೇ ಬಗ್ಗಿ ನೋಡುತ್ತಿದ್ದಳು.

ಹೂಳುವ ದಿನ ಪೆಟ್ಟಿಗೆ ಎತ್ತುವ ಮುಂಚೆ ಮನೆಮಂದಿ ಅದರ ಸುತ್ತ ನಿಂತು ಕಡೆಯ ಫೋಟೋ ತೆಗೆಸಿಕೊಳ್ಳುವುದು ಪದ್ಧತಿ. ಉರ್ಬಾನೊನ ಇಬ್ಬರು ತಮ್ಮಂದಿರು, ಅವರ ಹೆಂಡತಿಯರು, ಎಲ್ಮರ್, ಮಿರಾ, ಎಲ್ಲರೂ ಒತ್ತೊತ್ತಾಗಿ ನಿಂತರು. ಕೊನ್ಸಿಂಗ್ ಪೆಟ್ಟಿಗೆಯ ತಲೆಯ ಬದಿಗೆ ನಿಂತು ಕಪ್ಪು ಸೆರಗಿನಂಥ ವಸ್ತ್ರವನ್ನು ಸರಿಮಾಡಿಕೊಂಡಳು. ನೆಲ್ಡಾ ಒಲೆಕಟ್ಟೆಗೆ ಬೆನ್ನು ಕೊಟ್ಟು ಉಂಗುರ ತಿರುಗಿಸಿದಳು. ಆಮೇಲೆ ಕ್ಯಾಮೆರಾ ಇಳಿಸಿ, ಪಸೀತಾ ಬಾ ಎಂದು ಕೂಗಿದಳು.

"ಜಾಗ ಇಲ್ಲ," ಎಂದಳು ಕೊನ್ಸಿಂಗ್.

"ಇದೆ ಅತ್ತೆ. ಪೆಟ್ಟಿಗೆ ಬರುತ್ತೆ, ಎರಡು ದೀಪ ಬರುತ್ತೆ, ಬಾಗ್ಲೂ ಬರುತ್ತೆ. ಇನ್ನೂ ನಾಲ್ಕು ಜನ ನಿಂತ್ರೂ ಹಿಡಿಸುತ್ತೆ."

ಚಿಕ್ಕಪ್ಪಂದಿರು ಸೂರು ನೋಡಿದರು. ಕೊನ್ಸಿಂಗ್ ಧಾರಾಳಿಯಂತೆ ಗೋಡೆಯ ಕಡೆ ಗದ್ದ ತೋರಿಸಿದಳು. "ಹಾಗಾದ್ರೆ ಆ ಕೊನೇಲಿ ನಿಂತ್ಕೊಳ್ಲಿ."

ಕುಂಬಳಕಾಯಿ ಕೆನ್ನೆಯ ಕತೆಯನ್ನು ಊರಿಗೆಲ್ಲ ಹಂಚಿದವಳು ಅವಳೇ. ಕೊನೆಯಲ್ಲಿ ನಿಂತವರ ಮುಖ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬೇಡವಾದಾಗ ಕೊನೆಯನ್ನು ಕತ್ತರಿಸುವುದು ಎಷ್ಟು ಸುಲಭವೆಂದೂ ಗೊತ್ತಿತ್ತು. ನೆಲ್ಡಾಗೆ ಮೈಯೆಲ್ಲ ಉರಿಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಡುಗೆಯ ಬಟ್ಟೆ ಬಿಚ್ಚಿ ಮೊಳೆಗೆ ಹಾಕುತ್ತಿದ್ದ ಪಸೀತಾಳೇ ಮಾತಾಡಿದಳು.

"ಕೊನೇಲಿ ನಾನು ನಿಲ್ಲಲ್ಲ. ದಾಂತೆ ಆದ್ಮೇಲೆ ನಾನು, ನಾನಾದ್ಮೇಲೆ ಎಲ್ಮರ್. ನಾನು ಅಪ್ಪನ ನಡುವಿನ ಮಗಳು."

ನಲವತ್ತೇಳು ವರ್ಷದಲ್ಲಿ ಆ ಮನೆಯೊಳಗೆ ಅವಳು ಅಪ್ಪ ಎಂದದ್ದು ಅದೇ ಮೊದಲು. ಅವಳು ಜನರನ್ನು ಸರಿಸಿಕೊಂಡು ಬಂದು ಪೆಟ್ಟಿಗೆಯ ತಲೆಯ ಬದಿಗೆ, ಕೊನ್ಸಿಂಗಳ ಭುಜಕ್ಕೆ ಭುಜ ತಾಗುವಂತೆ ನಿಂತು, ಗಾಜಿನ ಮೇಲೆ ಅಂಗೈ ಇಟ್ಟಳು.

"ಇವಳು ಇಲ್ಲಿ ನಿಂತ್ರೆ ನಾನು ನಿಲ್ಲಲ್ಲ," ಎಂದಳು ಕೊನ್ಸಿಂಗ್. ಅವಳ ದನಿ ಒಡೆದಿತ್ತು. "ಇವಳ ಮುಖ ನೋಡ್ದಾಗಲೆಲ್ಲ ನಂಗೆ ಇವಳಮ್ಮನೇ ಕಾಣ್ತಾಳೆ. ಇವತ್ತಾದ್ರೂ ನನ್ನ ಗಂಡನ್ನ ನಂಗೊಬ್ಳಿಗೇ ಬಿಡಿ."

ಆ ಮಾತಿನ ನೋವು ನಿಜವಾದದ್ದು, ನೆಲ್ಡಾಗೆ ತಿಳಿಯಿತು. ತಿಳಿದೂ ಬಿಡಲಿಲ್ಲ. "ತಪ್ಪು ಮಾಡಿದ್ದು ಮಾವ, ಅತ್ತೆ. ಅವರಿಗೆ ದೀಪ ಇಟ್ಟಿದೀರಿ, ಹೂವು ಇಟ್ಟಿದೀರಿ. ಇವಳಿಗೆ ಮೂಲೆ. ಇಷ್ಟು ದಿನ ಇವಳು ಕಾಯ್ಸಿದ ನೀರು ಹುಯ್ಕೊಂಡ್ರಲ್ಲ, ಬೆನ್ನುಜ್ಜಿಸ್ಕೊಂಡ್ರಲ್ಲ, ಆಗ ಇವಳ ಮುಖ ಯಾರ ಥರ ಕಾಣ್ತು?"

ನೆಲ್ಡಾ ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದಳು. "ನಿಲ್ಲದಿದ್ರೆ ಬೇಡ ಅತ್ತೆ. ನಿಮ್ಮನ್ನ ಬಿಟ್ಟೇ ತೆಗೀತೀನಿ."

ಆಗ ಎಲ್ಮರ್ ಹುಟ್ಟಿದಾಗಿನಿಂದ ಮಾಡದ ಒಂದು ಕೆಲಸ ಮಾಡಿದ. ಒಂದು ಪಕ್ಷ ಹಿಡಿದ. ನಾನು ಹೇಗಿದ್ದರೂ ದಪ್ಪ, ಇನ್ನಷ್ಟು ದಪ್ಪವಾದರೆ ಯಾರಿಗೇನು ನಷ್ಟ ಎನ್ನುತ್ತ ಹೋಗಿ ಗೋಡೆಯ ಕೊನೆಗೆ, ಪಸೀತಾಳಿಗೆಂದು ಅಮ್ಮ ತೋರಿಸಿದ್ದ ಜಾಗದಲ್ಲಿ ತಲೆ ಬಗ್ಗಿಸಿ ನಿಂತ. ಮಿರಾ ಪಸೀತಾಳ ಇನ್ನೊಂದು ಕೈ ಹಿಡಿದುಕೊಂಡಳು. ಕೊನ್ಸಿಂಗ್ ಹೋಗಲಿಲ್ಲ. ಗಂಡನ ತಲೆಯ ಬದಿಯನ್ನು ಆ ಮೀನಿನವಳ ಮಗಳಿಗೆ ಪೂರಾ ಬಿಟ್ಟುಕೊಟ್ಟು ಹೋಗಲು ಅವಳಿಗೆ ಸಾಧ್ಯವಿರಲಿಲ್ಲ. ಹಲ್ಲು ಕಚ್ಚಿ ನೆಟ್ಟಗೆ ನಿಂತಳು. ನೆಲ್ಡಾ ಮೂರು ಸಲ ಒತ್ತಿದಳು.

ಮಣ್ಣು ಮಾಡಿ ಬಂದ ಮೇಲೆ ನೆಲ್ಡಾ ಆ ಫೋಟೋವನ್ನು ದೊಡ್ಡದು ಮಾಡಿಸಿ, ಯಾರನ್ನೂ ಕೇಳದೆ, ನಡುಮನೆಯ ಗೋಡೆಗೆ ಮೊಳೆ ಹೊಡೆದು ಹಾಕಿದಳು. ಮೂಲೆಗಳಲ್ಲಿ ಕತ್ತಲು. ದೀಪದ ಹಸಿರು ಚುಕ್ಕೆಯೊಂದು ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಎಲ್ಮರ್ ಹಂಡೆಯಂತಾಗಿದ್ದ. ನಡುವೆ ಉರ್ಬಾನೊ, ಅವನ ಹತ್ತಿರ ಇಬ್ಬರು ಹೆಂಗಸರು, ಮುಖಗಳು ಇದ್ದದ್ದು ಇದ್ದಂತೆ. ಎರಡನೆಯ ಪ್ರತಿ ಪಸೀತಾಳ ಮನೆಗೆ ಹೋಯಿತು. ಕೊನ್ಸಿಂಗ್ ಸೊಸೆಯ ಜತೆ ಮಾತು ಬಿಟ್ಟಳು. ಅನ್ನ ಬೇಕಾದರೆ ಮಿರಾಳಿಗೆ ಹೇಳಿ ಕೇಳಿಸುತ್ತಿದ್ದಳು. ಊಟಕ್ಕೆ ಕೂರುವಾಗ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಆದರೆ ಮೊಳೆಯಿಂದ ಅದನ್ನು ಇಳಿಸಲಿಲ್ಲ.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯವರು ಊಟಕ್ಕೆ ಕೂತಿದ್ದರು. ಪಸೀತಾ ಮಿಕ್ಕ ಅಡುಗೆಯನ್ನು ಪಾತ್ರೆಗೆ ತುಂಬುತ್ತಿದ್ದಳು. ದಾಂತೆಯ ಕರೆ ಬಂತು. ಮಿರಾ ಫೋನನ್ನು ನೀರಿನ ಹೂಜಿಗೆ ಒರಗಿಸಿ ಅಜ್ಜಿಯ ಎದುರಿಗಿಟ್ಟಳು. ಅವನು ಅಪ್ಪನನ್ನು ನೆನೆದು ಅತ್ತ, ಮೂಗು ಒರೆಸಿಕೊಂಡ, ಆಮೇಲೆ ಫೋಟೋ ನೋಡಿದೆ ಎಂದ.

"ಆ ಹೆಂಗಸನ್ನ ನಿನ್ನ ಪಕ್ಕ ಯಾಕಮ್ಮ ನಿಲ್ಲಿಸಿದ್ರಿ? ನೋಡಿದೋರು ಏನಂದ್ಕೋಬೇಕು? ನೆಲ್ಡಾಗೆ ಹೇಳು, ಅವಳನ್ನ ತೆಗ್ದು ಆ ಜಾಗಕ್ಕೆ ನನ್ನ ಫೋಟೋ ಕೂರಿಸ್ಲಿ. ನಾನು ಕೋಟು ಹಾಕ್ಕೊಂಡು ತೆಗೆಸಿ ಕಳಿಸ್ತೀನಿ. ಬೇರೆಯೋರ ಮನೇದೆಲ್ಲ ಮಾಡ್ಕೊಡ್ತಾಳಲ್ಲ."

ಅದು ನಿಜ. ದೂರದೇಶದಲ್ಲಿದ್ದವರನ್ನು ಕಂಪ್ಯೂಟರಿನಲ್ಲಿ ತಂದು ಹೆಣದ ಪಕ್ಕ ನಿಲ್ಲಿಸಿಕೊಡುವುದು ನೆಲ್ಡಾಳ ವಾರದ ಕೆಲಸಗಳಲ್ಲೊಂದು. ಒಲೆಯ ಬಳಿ ಪಸೀತಾಳ ಸೌಟು ನಿಂತಿತು. ಇಲ್ಲ ಭಾವ, ಮಾಡುವುದಿಲ್ಲ ಎನ್ನಲು ನೆಲ್ಡಾ ಬಾಯಿ ತೆರೆದಳು. ಕೊನ್ಸಿಂಗ್ ಕೈ ಅಡ್ಡ ಹಿಡಿದು ಅವಳನ್ನು ತಡೆದಳು. ಪರದೆಯ ಮೇಲಿನ ಮಗನ ಕಡೆ ತಿರುಗಿದಳು.

"ಅವಳು ಮುಂಜಾನೆಯಿಂದ ರಾತ್ರಿ ತನಕ ನಿಂತಿದ್ಲು," ಎಂದಳು. "ನೀನು ಹೂವು ಕಳಿಸ್ದೆ."

"ರಜಾ ಸಿಗಲಿಲ್ಲ ಅಂತ ಹೇಳಿದ್ನಲ್ಲಮ್ಮ..."

"ಜಾಗ ಇತ್ತು ದಾಂತೆ. ನೀನೇ ಬರಲಿಲ್ಲ."

ಫೋನನ್ನು ಮಿರಾಳ ಕೈಗೆ ಕೊಟ್ಟು, ಕೊನ್ಸಿಂಗ್ ಮೀನಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.